ಏಳನೇ ಬಿಂದು

ಎಣ್ಣೆ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದಿಡುವವಳು ನಾನು. ಅಡುಗೆಗೆ ಬರುವವಳು ಕಳ್ಳಿ ಅಂತಲ್ಲ. ಆದರೆ ಗೆರೆ ಇಲ್ಲದಿದ್ದರೆ ಅವಳು ಕಳ್ಳಿಯಲ್ಲ ಅನ್ನುವುದು ನನಗೆ ಗೊತ್ತಾಗುವುದಾದರೂ ಹೇಗೆ? ನಮ್ಮ ಯಜಮಾನರು ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದುಕೊಂಡು ಕೂತವರನ್ನೇ ನೋಡುವುದರಿಂದ, ಜನ ಬಾಯಿ ತೆರೆದರೆ ಸುಳ್ಳು ಹೇಳುತ್ತಾರೆ ಅನ್ನುವ ಅಂದಾಜೇ ಅವರಿಗಿಲ್ಲ. ನನಗೆ ಹಗ್ಗ ಕಂಡರೂ ಹಾವು, ಹಾವು ಕಂಡರೂ ಹಾವು ಎಂದು ನಗುತ್ತಾರೆ. ನಗಲಿ. ಇಪ್ಪತ್ತಾರು ವರ್ಷ ವಿದ್ಯಾರ್ಥಿಗಳ ಮುಖ ನೋಡಿದವಳು ನಾನು, ಅವರಲ್ಲ.

ನಗರ ಯೋಜನೆ ಓದುವ ಮಕ್ಕಳಿಗೆ ನಾನು ನಿವೇಶನ ವಿನ್ಯಾಸ ಕಲಿಸುತ್ತೇನೆ. ಒಂದು ಖಾಲಿ ಜಾಗ ಕೊಟ್ಟರೆ ಮನೆಗಳು ಎಲ್ಲಿ ಬರಬೇಕು, ರಸ್ತೆ ಎಲ್ಲಿ ತಿರುಗಬೇಕು, ಯಾವ ಮರಕ್ಕೆ ಕೊಡಲಿ ತಾಗಬಾರದು, ಮಳೆ ಬಂದರೆ ನೀರು ಯಾರ ಮನೆಗೂ ನುಗ್ಗದೆ ಹೇಗೆ ಹೊರಗೆ ಹೋಗಬೇಕು ಎಂದು ಲೆಕ್ಕ ಹಾಕುವ ವಿದ್ಯೆ ಅದು. ಮೊದಲ ದಿನ ಬೋರ್ಡಿನ ಮೇಲೆ ಎರಡೇ ಪದ ಬರೆಯುತ್ತೇನೆ: ಜಾಗಕ್ಕೆ ಹೋಗಿ. ನಕ್ಷೆಯನ್ನು ನಂಬಬೇಡಿ, ನಕ್ಷೆ ಮಾಡಿದವನನ್ನು ಮೊದಲೇ ನಂಬಬೇಡಿ, ನಿಮ್ಮ ಕಾಲಿನಿಂದ ನೆಲ ತುಳಿದು ನೋಡಿ ಎಂದು ಹೇಳುತ್ತೇನೆ. ಎಲ್ಲರೂ ಗೋಣು ಆಡಿಸುತ್ತಾರೆ. ಗೋಣು ಆಡಿಸುವುದಕ್ಕೆ ಕಾಸು ಕೊಡಬೇಕೇ?

ಹೋದವರು ಯಾರು, ಹಾಸ್ಟೆಲಿನ ಮಂಚದ ಮೇಲೆ ಬಿದ್ದುಕೊಂಡು ಹೋದೆ ಅಂದವರು ಯಾರು ಎಂದು ಕಂಡುಹಿಡಿಯಲು ನನ್ನದೊಂದು ಉಪಾಯವಿದೆ. ಹನ್ನೆರಡು ವರ್ಷದಿಂದ ನಾನು ಅಭ್ಯಾಸಕ್ಕೆ ಕೊಡುವ ಜಾಗ ಒಂದೇ: ಮುಚ್ಚಿಹೋದ ಸಾಬೂನು ಕಾರ್ಖಾನೆಯ ಹಿಂದಿನ ಎಂಟು ಎಕರೆ ಬಯಲು. ಅದನ್ನು ನಾನೇ ಅಳೆದು ನಕ್ಷೆ ಮಾಡಿದ್ದೆ. ನಲವತ್ತು ಬಿಂದುಗಳು, ಒಂದೊಂದಕ್ಕೂ ಎತ್ತರದ ಸಂಖ್ಯೆ. ಏಳನೇ ಬಿಂದುವಿನಲ್ಲಿ, ಮೋರಿಯ ಪಕ್ಕ, ಎದೆಮಟ್ಟದ ಒಂದು ಗುಂಡಿ. ಕಾರ್ಖಾನೆಯವರು ಯಾವ ಕಾಲಕ್ಕೋ ಮಣ್ಣು ತೆಗೆದದ್ದು. ಮಕ್ಕಳಿಗೆ ಹಂಚುವ ಪ್ರತಿಯಲ್ಲಿ ಮಾತ್ರ ಆ ಗುಂಡಿಯನ್ನು ಅಳಿಸಿ ಸಮತಟ್ಟು ನೆಲ ತೋರಿಸಿದೆ. ಜಾಗಕ್ಕೆ ಹೋದವರಿಗೆ ಗುಂಡಿ ಕಂಡೇ ಕಾಣುತ್ತದೆ, ಅವರು ನಕ್ಷೆ ತಿದ್ದಿಕೊಂಡು ಬರುತ್ತಾರೆ. ಹೋಗದವರು ಸಮತಟ್ಟು ಎಂದು ನಂಬಿ ಅದರ ಮೇಲೆ ಶಿಶುವಿಹಾರವನ್ನೋ ನಾಲ್ಕು ಮನೆಗಳನ್ನೋ ಕೂರಿಸುತ್ತಾರೆ. ಗುಂಡಿ ಇರುವ ಮೂಲ ನಕ್ಷೆ ನನ್ನ ಕೋಣೆಯ ಬೀರುವಿನಲ್ಲಿ, ಬೀಗದ ಒಳಗೆ. ಬೀಗದ ಕೈ ನನ್ನ ಸೊಂಟದಲ್ಲಿ. ಈ ಉಪಾಯ ಕೇಳಿ ಯಜಮಾನರು, "ಹೇಳೋದು ಶಾಸ್ತ್ರ, ಹಾಕೋದು ಗಾಳ" ಅಂದಿದ್ದರು.

ಮೊದಮೊದಲು ವರ್ಷಕ್ಕೆ ಐದಾರು ಜನ ಗಾಳಕ್ಕೆ ಸಿಕ್ಕುತ್ತಿದ್ದರು. ಬರಬರುತ್ತಾ ಹತ್ತು, ಹದಿನೈದು. ಹೋದ ವರ್ಷ ಮೂವತ್ತರಲ್ಲಿ ಇಪ್ಪತ್ತೆರಡು. ಕಾಲ ಕೆಟ್ಟಿತು, ಕೈಗೆ ಫೋನು ಬಂತು, ಕಾಲಿಗೆ ಸೋಮಾರಿತನ ಬಂತು ಎಂದುಕೊಂಡು ನಾನು ಒಬ್ಬೊಬ್ಬರ ಅಂಕವನ್ನೂ ಅರ್ಧಕ್ಕೆ ಇಳಿಸಿದೆ. ಯಾರೂ ಚಕಾರ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಎದುರು ಮಾತಾಡುತ್ತಾರೆಯೇ?

ಒಬ್ಬಳು ಮಾತ್ರ ಆಡಿದ್ದಳು. ಮೂರು ವರ್ಷದ ಹಿಂದಿನ ಮಾತು. ಏಳನೇ ಬಿಂದುವಿನಲ್ಲಿ ಗುಂಡಿ ಇದೆ, ನೀನು ಜಾಗಕ್ಕೆ ಹೋಗಿಲ್ಲ ಎಂದು ನಾನು ಗದರಿದಾಗ, ಎಲ್ಲರೆದುರು ಎದ್ದು ನಿಂತು, ತಾನು ಮೂರು ಸಲ ಹೋಗಿದ್ದೇನೆ, ಅಲ್ಲಿ ಗುಂಡಿಯೇ ಇಲ್ಲ ಎಂದಳು. ಫೋಟೋ ತೋರಿಸಿದಳು. ಕಳೆ ಬೆಳೆದ ಚಪ್ಪಟೆ ನೆಲದ ಫೋಟೋ. ಅಂಥದ್ದನ್ನು ಬಸ್‌ನಿಲ್ದಾಣದ ಹಿಂದೆಯೂ ತೆಗೆಯಬಹುದು. ನಾನೇ ಅಳೆದ ಗುಂಡಿ ಇಲ್ಲ ಅನ್ನುವುದಕ್ಕೆ ಎಷ್ಟು ಕೊಬ್ಬಿರಬೇಕು! ಮೂರು ಸಲ, ಮೂರು ಸಲ ಎಂದು ಹೇಳುತ್ತಲೇ ಇದ್ದಳು. ಹೋಗದೆ ಹೋದೆ ಎಂದು ವರದಿ ಬರೆದದ್ದಕ್ಕೆ ನಾನು ಶಿಸ್ತು ಸಮಿತಿಗೆ ಕಾಗದ ಬರೆದೆ. ಅವಳ ಆ ವರ್ಷ ರದ್ದಾಯಿತು, ಅವಳು ಕೋರ್ಸು ಬಿಟ್ಟಳು. ನಮ್ಮ ವಿಭಾಗದಲ್ಲಿ ಆಮೇಲೂ ಕೆಲವು ದಿನ ಅವಳಿಗೆ 'ಮೂರು ಸಲದವಳು' ಎಂದೇ ಹೆಸರಿತ್ತು. ಆ ಹೆಸರಿಟ್ಟವಳು ನಾನೇ.

ಈಗ ಈ ವರ್ಷದ ವಿಷಯಕ್ಕೆ ಬರುತ್ತೇನೆ.

ಮೂವತ್ತು ಹಾಳೆಗಳನ್ನು ಗೋಡೆಗೆ ಅಂಟಿಸಿಕೊಂಡು ನಾನೊಬ್ಬಳೇ ನೋಡುತ್ತಿದ್ದೆ. ಅಭ್ಯಾಸ ಎಂದಿನದೇ: ಅರವತ್ತು ಮನೆ, ಒಂದು ಶಿಶುವಿಹಾರ, ಒಂದು ಸಣ್ಣ ಉದ್ಯಾನ. ಹದಿನೇಳನೆಯ ಹಾಳೆಯ ಹತ್ತಿರ ಬಂದಾಗ ಕಾಲು ನಿಂತಿತು. ಅದು 'ಟೇಪು' ಮಾಡಿದ ಹಾಳೆ. ಆ ಹುಡುಗಿ ಸದಾ ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡು ಓಡಾಡುವುದರಿಂದ ಗೆಳತಿಯರು ಹಾಗೆ ಕರೆಯುತ್ತಿದ್ದರು. ಕಡಿಮೆ ಮಾತು, ಕೊನೆಯ ಬೆಂಚು, ಕೇಳಿದರೆ ಮಾತ್ರ ಉತ್ತರ. ಇಂಥವರ ಮೇಲೆ ನನಗೆ ಮೊದಲೇ ಒಂದು ಕಣ್ಣು.

ಏಳನೇ ಬಿಂದುವಿನಲ್ಲಿ ಅವಳು ನೆಲ ಸಮತಟ್ಟು ಎಂದೇ ತೋರಿಸಿದ್ದಳು. ಅಂದರೆ ಗಾಳಕ್ಕೆ ಸಿಕ್ಕಳು. ಆದರೆ ಅದೇ ಸಮತಟ್ಟು ನೆಲದ ಮೇಲೆ ಚುಕ್ಕೆ ಚುಕ್ಕೆಯ ಗೆರೆಯಲ್ಲಿ ಒಂದು ಆಕಾರ ಬರೆದಿದ್ದಳು, ಗೋಡಂಬಿಯ ಹಾಗೆ ಒಂದು ಕಡೆ ಬಾಗಿದ್ದು. ಪಕ್ಕದಲ್ಲಿ ಸಣ್ಣ ಅಕ್ಷರ: 'ತುಂಬಿದ ಗುಂಡಿ, ಎದೆಮಟ್ಟ. ಮೇಲೆ ಕಟ್ಟಡ ಬೇಡ, ಆಟದ ಬಯಲು ಇರಲಿ.'

ಕೋಣೆಗೆ ಓಡಿದೆ, ಬೀರು ತೆಗೆದೆ, ಮೂಲ ನಕ್ಷೆ ತಂದು ಅವಳ ಹಾಳೆಯ ಪಕ್ಕ ಹಿಡಿದೆ. ಅದೇ ಗೋಡಂಬಿ, ಅದೇ ಕಡೆಗೆ ಬಾಗಿದ್ದು. ನಾನು ಹನ್ನೆರಡು ವರ್ಷದ ಹಿಂದೆ ಬಿಸಿಲಲ್ಲಿ ನಿಂತು ಅಳೆದ ಗುಂಡಿಯ ಅಂಚು. ಜಾಗಕ್ಕೆ ಹೋದವರೂ ಗುಂಡಿಯನ್ನು ಅಂದಾಜಿಗೆ ದುಂಡಗೆ ಬರೆಯುತ್ತಿದ್ದರು; ಈ ಬಾಗು ಇಷ್ಟು ಕರಾರುವಾಕ್ಕಾಗಿ ಇದ್ದದ್ದು ನನ್ನ ಬೀರುವಿನಲ್ಲಿ ಮಾತ್ರ.

ನನಗೆ ಆಗಲೇ ಎಲ್ಲ ಹೊಳೆದುಹೋಯಿತು. ಇವಳು ಜಾಗಕ್ಕೆ ಹೋಗಿಲ್ಲ. ಹೋಗಿದ್ದರೆ ಬಾಯಿ ತೆರೆದ ಗುಂಡಿಯನ್ನು ಸಮತಟ್ಟು ಎಂದು ಬರೆಯುತ್ತಿರಲಿಲ್ಲ. ಆದರೆ ನನ್ನ ಬೀರುವಿನ ಒಳಗಿನ ನಕ್ಷೆಯನ್ನು ನೋಡಿದ್ದಾಳೆ. ಹಂಚಿದ ನಕ್ಷೆಯಲ್ಲಿ ಒಂದು, ಕದ್ದ ನಕ್ಷೆಯಲ್ಲಿ ಒಂದು. ಯಾವುದು ನಿಜವೋ ತಿಳಿಯದೆ ಎರಡೂ ದೋಣಿಯ ಮೇಲೆ ಕಾಲಿಟ್ಟಿದ್ದಾಳೆ. ಇದು ಬರೀ ಸುಳ್ಳು ವರದಿಯಲ್ಲ, ಕಳ್ಳತನ. ಸಮಿತಿಗೆ ಹೋದರೆ ವರ್ಷ ರದ್ದಾಗುವುದಷ್ಟೇ ಅಲ್ಲ, ಕಾಲೇಜಿನಿಂದಲೇ ಹೊರಗೆ. ನನಗೆ ಅಯ್ಯೋ ಅನ್ನಿಸಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಒಂದು ಥರದ ಖುಷಿಯಾಯಿತು.

ಬೀಗ ಮುರಿದಿರಲಿಲ್ಲ. ಹಾಗಾದರೆ ಮನೆಯ ಇಲಿಯೇ. ಮೊದಲು ಅಟೆಂಡರನ್ನು ಕರೆದೆ. ಇಪ್ಪತ್ತು ವರ್ಷದಿಂದ ಇದೇ ವಿಭಾಗದಲ್ಲಿ ಇರುವ ಮನುಷ್ಯ. ನನ್ನ ಚಹಾದ ಲೋಟ ಯಾವುದು, ನನ್ನ ತಲೆನೋವು ಯಾವ ವಾರ ಬರುತ್ತದೆ ಎಲ್ಲ ಬಲ್ಲವನು. ಬೀರುವನ್ನು ಯಾರಿಗೆ ತೆಗೆದುಕೊಟ್ಟೆ ಎಂದು ಕೇಳಿದೆ. ಅವನ ಮುಖ ಒಂದು ಕ್ಷಣಕ್ಕೆ ಮುದುಕನದಾಯಿತು.

"ನಿಮ್ಮೆದುರಲ್ಲದೆ ಆ ಬೀರು ನಾನು ಮುಟ್ಟಿಲ್ಲ ಮೇಡಂ," ಅಂದ. "ಒಂದೇ ಸಲ, ನೀವು ಬೀರು ತೆಗೆದಿದ್ದಾಗ, ಒಂದು ಸುರುಳಿ ಇಟ್ಟಿದ್ದೆ. ಅದೂ ನೀವು ಎಲ್ಲಾದ್ರೂ ಹಾಕು ಅಂದಿದ್ದಕ್ಕೆ. ಕೆಂಪು ದಾರದ್ದು."

ಕೆಂಪು ದಾರದ ಸುರುಳಿ ಇತ್ತು, ಹೌದು. ಕೆಳಗಿನ ಖಾನೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಹಿಂದೆ, ಧೂಳು ತಿನ್ನುತ್ತಾ. ನಾನು ಕೇಳಿದ್ದು ಅದನ್ನಲ್ಲ ಎಂದು ಗದರಿದೆ. ಅವನು ಹೊರಗೆ ಹೋದವನು ಆ ದಿನ ಚಹಾ ತರಲಿಲ್ಲ. ತಪ್ಪು ಮಾಡದವನಿಗೆ ಇಷ್ಟು ಸಿಟ್ಟೇಕೆ ಎಂದು ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಆಮೇಲೆ ಹುಡುಗಿಯನ್ನು ಕರೆಸಿದೆ. ಬಂದಳು, ನಿಂತಳು, ಸೊಂಟದಲ್ಲಿ ಟೇಪು. ಕುಳಿತುಕೋ ಎಂದು ನಾನು ಹೇಳಲಿಲ್ಲ.

"ಈ ಚುಕ್ಕೆ ಗೆರೆ ಎಲ್ಲಿಂದ ಬಂತು?"

"ಜಾಗದಿಂದ ಮೇಡಂ."

"ಮೇಲೆ ಸಮತಟ್ಟು ಅಂತ ನೀನೇ ಬರೆದಿದ್ದೀಯ. ನೆಲದ ಕೆಳಗೆ ಗುಂಡಿ ಇದೆ ಅಂತ ನಿನಗೆ ಕನಸು ಬಿತ್ತಾ?"

ಅವಳು ಸ್ವಲ್ಪ ಹೊತ್ತು ನನ್ನ ಮೇಜಿನ ಮೇಲಿದ್ದ ಮೂಲ ನಕ್ಷೆಯನ್ನೇ ನೋಡಿದಳು. ಹೆದರಿದವಳ ನೋಟ ಅಲ್ಲ ಅದು. ಹಳೆಯ ಗುರುತಿನವರನ್ನು ಕಂಡವರ ನೋಟ. ಅದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

"ಒಂದ್ಸಲ ಜಾಗಕ್ಕೆ ಬಂದು ನೋಡಿ ಮೇಡಂ," ಎಂದಳು.

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು. ಜಾಗಕ್ಕೆ ಹೋಗಿ ಎಂದು ಇಪ್ಪತ್ತಾರು ವರ್ಷ ಹೇಳಿದವಳಿಗೆ, ಜಾಗಕ್ಕೆ ಬಾ ಎಂದು ಇವಳ ಕರೆ. ಆ ನೆಲದ ಇಂಚಿಂಚೂ ನನಗೆ ಗೊತ್ತು, ನೀನು ಹುಟ್ಟುವ ಮೊದಲೇ ನಾನು ಟೇಪು ಹಿಡಿದವಳು ಎಂದು ರೇಗಿದೆ. ಸೋಮವಾರ ಸಮಿತಿಗೆ ಕಾಗದ ಹೋಗುತ್ತದೆ, ಮನೆಯವರಿಗೆ ತಿಳಿಸಿಬಿಡು ಎಂದೂ ಹೇಳಿದೆ. ಅವಳ ಕಣ್ಣಲ್ಲಿ ಆಗ ನೀರು ಬಂತು. ಆದರೂ ತಾನು ಕದ್ದೆ ಎಂದು ಒಪ್ಪಲಿಲ್ಲ, ಯಾರ ಹೆಸರನ್ನೂ ಹೇಳಲಿಲ್ಲ.

ವಿಭಾಗದ ಮುಖ್ಯಸ್ಥರ ಹತ್ತಿರ ಕಾಗದ ತೆಗೆದುಕೊಂಡು ಹೋದೆ. ಅವರ ನಿವೃತ್ತಿಗೆ ಎಂಟು ತಿಂಗಳು; ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪೈಕಿ. ಓದಿ ನೋಡಿ, ಕನ್ನಡಕ ಒರೆಸಿ, ಒಂದು ಹುಡುಗಿಯ ಬದುಕಿನ ಪ್ರಶ್ನೆ ಎಂದರು. ನೀವು ಆ ಜಾಗಕ್ಕೆ ಕೊನೆಯ ಸಲ ಹೋದದ್ದು ಯಾವಾಗ, ಸಮಿತಿಯವರು ಮೊದಲು ಕೇಳುವುದು ಅದನ್ನೇ ಎಂದೂ ಸೇರಿಸಿದರು.

ಇತ್ತೀಚೆಗೆ ಎಂದೆ. ಅದು ಸುಳ್ಳು. ಆರು ವರ್ಷವಾಗಿತ್ತು. ಮೊಣಕಾಲು ನೋವು ಶುರುವಾದ ಮೇಲೆ ನಾನು ಅತ್ತ ಹೋಗಿರಲಿಲ್ಲ. ಹೋಗುವ ಅಗತ್ಯವಾದರೂ ಏನಿತ್ತು? ನಕ್ಷೆ ಬೀರುವಿನಲ್ಲಿತ್ತು, ಗುಂಡಿ ಎದ್ದು ನಡೆದುಹೋಗುವ ವಸ್ತುವಲ್ಲ. ಆದರೂ ಸಮಿತಿಯ ಎದುರು ತೊದಲಬಾರದಲ್ಲ. ಶನಿವಾರ ಬೆಳಿಗ್ಗೆ ಹುಡುಗಿಯ ಎದುರೇ ಗುಂಡಿ ತೋರಿಸಿ, ಫೋಟೋ ತೆಗೆದು, ಕಾಗದಕ್ಕೆ ಲಗತ್ತಿಸುವುದು ಎಂದು ತೀರ್ಮಾನಿಸಿದೆ. ಟೇಪು ಬರುತ್ತೇನೆ ಎಂದಳು. ಮಟ್ಟ ನೋಡುವ ಪೈಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು, ಮನೆಯಿಂದ ಕರೆದುಕೊಂಡು ಬರಲೇ ಎಂದು ಕೇಳಿದಳು. ಸಾಕ್ಷಿ ತರುತ್ತಾಳಂತೆ, ಎಷ್ಟು ಜನರನ್ನಾದರೂ ತರಲಿ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಯಜಮಾನರೇ ಕಾರಿನಲ್ಲಿ ಕಾರ್ಖಾನೆಯ ಗೇಟಿನವರೆಗೆ ಬಿಟ್ಟರು. ಇಳಿಯುವಾಗ, ಹುಡುಗಿ ನಿಜ ಹೇಳುತ್ತಿದ್ದರೆ ಏನು ಮಾಡುತ್ತೀ ಎಂದು ಕೇಳಿದರು. ನಾನು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ.

ಗೇಟಿನ ಹತ್ತಿರ ಇಬ್ಬರು ನಿಂತಿದ್ದರು. ಒಬ್ಬಳು ಟೇಪು. ಇನ್ನೊಬ್ಬಳು ಹುಲ್ಲಿನ ಟೋಪಿ ಹಾಕಿ, ಧೂಳಿಗೆ ಮುಖಕ್ಕೆ ಬಟ್ಟೆ ಸುತ್ತಿದ್ದಳು; ಕಣ್ಣು ಮಾತ್ರ ಕಾಣುತ್ತಿತ್ತು. ಹೆಗಲಿಗೆ ಸುತ್ತಿದ ಪಾರದರ್ಶಕ ಪೈಪು, ಕೈಯಲ್ಲಿ ಉದ್ದದ ಕಬ್ಬಿಣದ ಸರಳು, ಅಂಗೈಗಳಲ್ಲಿ ಸಿಮೆಂಟಿನ ಬಿರುಕು. ಅಕ್ಕ, ಅಪ್ಪನ ಜೊತೆ ಗಾರೆ ಕೆಲಸದಲ್ಲಿದ್ದಾಳೆ, ಅಪ್ಪ ಮೇಸ್ತ್ರಿ ಎಂದು ಟೇಪು ಪರಿಚಯ ಮಾಡಿಸಿದಳು. ಅಕ್ಕ ನಮಸ್ಕಾರ ಎಂದಷ್ಟೇ ಹೇಳಿದಳು. ಮುಖ ಮುಚ್ಚಿಕೊಂಡು ಬಂದವಳನ್ನು ನಾನು ನಂಬುವುದುಂಟೇ? ಇವಳ ಸರಳಿನ ಮೇಲೂ ಪೈಪಿನ ಮೇಲೂ ಒಂದು ಕಣ್ಣಿಟ್ಟೇ ನಡೆದೆ.

ದಾರಿಯಲ್ಲಿ ನಾನೇ ಮುಂದೆ. ಒಡೆದ ಬಾಯ್ಲರಿನ ಗೋಡೆ ದಾಟಿ, ಮೋರಿಯ ಗುಂಟ ಇನ್ನೂರು ಹೆಜ್ಜೆ ಹೋಗಿ ಎಡಕ್ಕೆ ತಿರುಗಿದರೆ ಏಳನೇ ಬಿಂದು. ಬಾಯ್ಲರಿನ ಗೋಡೆ ಇರಬೇಕಾದ ಕಡೆ ಗೋಡೆ ಇರಲಿಲ್ಲ. ಸರಿ, ಕೆಡವಿರಬಹುದು ಎಂದುಕೊಂಡೆ. ಮೋರಿ ಸಿಕ್ಕಿತು. ಇನ್ನೂರು ಹೆಜ್ಜೆ ಎಣಿಸಿದೆ. ಎಡಕ್ಕೆ ತಿರುಗಿದೆ.

ಗುಂಡಿ ಇರಲಿಲ್ಲ.

ಮೊಣಕಾಲೆತ್ತರದ ಕಳೆ ಬೆಳೆದ ಚಪ್ಪಟೆ ನೆಲ. ನಾನು ಎಣಿಕೆ ತಪ್ಪಿದೆನೇನೋ ಎಂದು ಮೋರಿಯವರೆಗೆ ವಾಪಸು ಹೋಗಿ ಮತ್ತೆ ಎಣಿಸಿಕೊಂಡು ಬಂದೆ. ಅದೇ ನೆಲ. ಆಗ ನನ್ನ ತಲೆಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ. ಈ ಅಕ್ಕತಂಗಿಯರು ನಿನ್ನೆ ಮೊನ್ನೆ ಲಾರಿ ತರಿಸಿ ತುಂಬಿಸಿಬಿಟ್ಟರು ಎಂದು! ಮೇಸ್ತ್ರಿಯ ಮಕ್ಕಳಲ್ಲವೇ, ಮಣ್ಣಿಗೇನು ಬರ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ.

ಅಕ್ಕ ಸರಳಿನ ತುದಿಯಿಂದ ಆ ನೆಲದ ನಡುವೆ ಬೆಳೆದಿದ್ದ ಒಂದು ಮರ ತೋರಿಸಿದಳು. ನನ್ನ ತೋಳಿಗಿಂತ ದಪ್ಪದ ಕಾಂಡ, ತಲೆಯ ಮೇಲೆ ನೆರಳು. ನಿನ್ನೆ ಮೊನ್ನೆ ಹುಟ್ಟಿದ ಮರ ಅಲ್ಲ ಅದು. ಅಷ್ಟರಲ್ಲಿ ಮಾತು ಕೇಳಿ ಕಾರ್ಖಾನೆಯ ಕಾವಲುಗಾರ ಬಂದ. ಬಾಯ್ಲರಿನ ಗೋಡೆ ಒಡೆದ ಪುಡಿಮಣ್ಣು, ಬೂದಿ ಎಲ್ಲ ತಂದು ಇಲ್ಲಿ ಸುರಿದು ಸಮ ಮಾಡಿದರು, ನಾಲ್ಕೈದು ವರ್ಷವಾಯಿತು ಎಂದ. ದನ ಬಿದ್ದು ಕಾಲು ಮುರಿದುಕೊಂಡಿತ್ತಂತೆ, ಅದಕ್ಕೇ ಮುಚ್ಚಿದ್ದಂತೆ. ಆಮೇಲೆ ಅವನೇ, "ವರ್ಷಾವರ್ಷ ಕಾಲೇಜಿನ ಮಕ್ಕಳು ಬರ್ತಾರಲ್ಲ, ಎಲ್ಲರೂ ನೋಡಿದಾರೆ. ಈ ಅಮ್ಮ ಯಾರು?" ಎಂದು ನನ್ನನ್ನು ತೋರಿಸಿ ಟೇಪುವನ್ನು ಕೇಳಿದ.

ನಾನು ಯಾರು ಎಂದು ಹುಡುಗಿ ಹೇಳಿದಳು. ಅವನು ಓಹೋ ಅಂದ.

ನಾಲ್ಕೈದು ವರ್ಷ. ಹದಿನೈದು ಜನ, ಇಪ್ಪತ್ತೆರಡು ಜನ. ಜಾಗಕ್ಕೆ ಹೋದವರು ಸಮತಟ್ಟು ನೆಲ ಕಂಡು ಸಮತಟ್ಟು ಎಂದು ಬರೆದರು, ನಾನು ಅವರ ಅಂಕ ಅರ್ಧ ಮಾಡಿದೆ. ಗುಂಡಿ ತೋರಿಸಿದವರು ಹಾಸ್ಟೆಲಿನಲ್ಲಿ ಕೂತು ಹಳೆಯ ಹಾಳೆಗಳಿಂದ ನಕಲು ಮಾಡಿದವರು, ಅವರ ಬೆನ್ನು ತಟ್ಟಿದೆ. ಅವರಲ್ಲೊಬ್ಬನಿಗೆ ಚಿನ್ನದ ಪದಕ ಕೊಡಿಸಿದ್ದೆ. ಅವನು ಈಗ ಯೋಜನಾ ಕಚೇರಿಯಲ್ಲಿ ಕೂತು ಊರಿನವರ ನಕ್ಷೆಗಳಿಗೆ ಒಪ್ಪಿಗೆ ಕೊಡುತ್ತಾನೆ. ಹತ್ತಿರದ ಕಲ್ಲಿನ ಮೇಲೆ ಕೂತೆ.

ಟೇಪು ಪೈಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಹಿಡಿದುಕೊಳ್ಳಿ ಮೇಡಂ, ನೀರು ಎಲ್ಲಿ ನಿಲ್ಲುತ್ತೆ ನೀವೇ ಹೇಳಿ ಎಂದಳು. ಅವಳು ಇನ್ನೊಂದು ತುದಿ ಹಿಡಿದು ಗಟ್ಟಿ ನೆಲಕ್ಕೆ ಹೋದಳು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಟೇಪು ಹಿಡಿದರೆ ಯಾವ ಕಡೆ ಎಷ್ಟು ತಗ್ಗು ಎಂದು ತಿಳಿಯುತ್ತದೆ. ನನ್ನ ಕಡೆಯ ನೆಲ ನಾಲ್ಕು ಬೆರಳು ತಗ್ಗಿತ್ತು. ಕಣ್ಣಿಗೆ ಕಾಣದಷ್ಟು. ಸುರಿದ ಮಣ್ಣು ಕುಸಿದು ಕೂತಿದ್ದ ಗುರುತು. ಆಮೇಲೆ ಅಕ್ಕ ಸರಳು ಎತ್ತಿ ಕುಕ್ಕಿದಳು. ಗಟ್ಟಿ ನೆಲದಲ್ಲಿ ಅದು ಎರಡು ಬೆರಳು ಇಳಿದು ನಿಂತಿತು. ಒಂದು ಹೆಜ್ಜೆ ಒಳಗೆ ಬಂದು ಕುಕ್ಕಿದಳು. ಎದೆಯೆತ್ತರದಷ್ಟು ಆಳಕ್ಕೆ ಸರ್ರನೆ ಇಳಿಯಿತು. ಹೀಗೆ ಹೆಜ್ಜೆಗೊಂದು ಸಲ ಕುಕ್ಕುತ್ತಾ ಹೋದರೆ ಗುಂಡಿಯ ಅಂಚು ಸಿಗುತ್ತದೆ. ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ. ಐದು ಭಾನುವಾರ ಎಂದಳು ಟೇಪು. ಅಂಚು ಮೊದಲು ಅಕ್ಕನೇ ಹಿಡಿದಿದ್ದಳು, ತಾನು ಮತ್ತೆ ಅಳೆದು ಹಾಳೆಗೆ ಇಳಿಸಿದೆ ಅಷ್ಟೇ ಎಂದಳು.

"ಇಲ್ಲಿ ಗುಂಡಿ ಇತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು? ಚುಚ್ಚಿ ನೋಡೋಕೆ ಯಾರು ಹೇಳಿದ್ರು?"

ಅಕ್ಕ ಮುಖದ ಬಟ್ಟೆ ಬಿಚ್ಚಿದಳು. ಮೂರು ಸಲದವಳು.

"ನೀವೇ ಹೇಳಿದ್ರಿ ಮೇಡಂ, ಎಲ್ಲರೆದುರು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಗುಂಡಿ ಇದೆ ಅಂತ ನೀವು ಹೇಳಿದ್ರಿ. ನೀವು ಸುಳ್ಳು ಹೇಳೋರಲ್ಲ. ನಾನೂ ಹೇಳಿರ್ಲಿಲ್ಲ. ಹಾಗಾದ್ರೆ ಅದು ಕೆಳಗಿರ್ಬೇಕು ಅಂದ್ಕೊಂಡು ಸರಳು ತಂದು ಚುಚ್ಚಿದೆ. ಹಾಳೆ ಮಾಡಿ ತಂದುಕೊಟ್ಟೆ. ನೀವು ಒಳಗೆ ಬಿಡ್ಲಿಲ್ಲ. ಅಟೆಂಡರ್ ಕೈಗೆ ಕೊಟ್ಟು ಹೋದೆ."

ಕೆಂಪು ದಾರ. ನೆನಪಾಯಿತು. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಎಂದು ಅಟೆಂಡರ್ ಬಂದು ಹೇಳಿದಾಗ, ಸುಳ್ಳುಗಾರರ ಜೊತೆ ನನಗೆ ಮಾತಿಲ್ಲ ಅಂದಿದ್ದೆ. ಅವಳಿಗೆ ಕೇಳಿಸುವ ಹಾಗೆಯೇ ಅಂದಿದ್ದೆ.

ತಪ್ಪಾಯಿತು ಎಂದೆ. ಅವಳು ಪೈಪಿನ ನೀರು ಚೆಲ್ಲಿ ಸುತ್ತಿಕೊಳ್ಳುತ್ತಿದ್ದಳು. ಹತ್ತು ಗಂಟೆಗೆ ಕೆಲಸದಲ್ಲಿ ಪೈಪು ಬೇಕು, ಹೊರಡುತ್ತೇನೆ ಎಂದಳು. ಟೇಪು ಮಾತ್ರ ಹಿಂದೆ ನಿಂತು, ಸೋಮವಾರದ ಕಾಗದ ಎಂದು ಕೇಳಿದಳು. ನಿನ್ನ ಹೆಸರಿನಲ್ಲಿ ಹೋಗುವುದಿಲ್ಲ ಎಂದೆ.

ಕಾಲೇಜಿಗೆ ಹೋಗಿ ಬೀರು ತೆಗೆದೆ. ಪ್ರಶ್ನೆಪತ್ರಿಕೆಗಳ ಹಿಂದಿನಿಂದ ಸುರುಳಿ ಎಳೆದು ದಾರ ಬಿಚ್ಚಿದೆ. ಅದೇ ಗೋಡಂಬಿ, ಅದೇ ಚುಕ್ಕೆ ಗೆರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅವಳ ಅಳತೆಗಳು. ಕೆಳಗಿನ ಮೂಲೆಯಲ್ಲಿ ನಾನು ಎಲ್ಲ ಹಾಳೆಗೂ ಹಾಕಿಸುವ ಚೌಕ: ಅಳೆದವರು, ಬರೆದವರು, ಪರಿಶೀಲಿಸಿದವರು. ಮೂರನೆಯದು ಖಾಲಿ ಇತ್ತು. ಬೀಗ ಹಾಕಿ, ಕೈಯನ್ನು ಸೊಂಟದಲ್ಲಿಟ್ಟುಕೊಂಡು, ಕಳ್ಳರಿಂದ ಕಾಪಾಡಿದ್ದು ಇದನ್ನು. ಪೆನ್ನು ತೆಗೆದೆ. ಸಹಿ ಹಾಕಲು ಕೈ ಬರಲಿಲ್ಲ. ನಾನಿನ್ನೂ ಪರಿಶೀಲಿಸಿರಲಿಲ್ಲವಲ್ಲ.

ಅಟೆಂಡರನ್ನು ಕರೆದು ಕ್ಷಮಿಸು ಎಂದೆ. ಅವನು ಪರವಾಗಿಲ್ಲ ಮೇಡಂ ಅಂದ. ಚಹಾ ತಂದ. ಆದರೆ ಲೋಟ ಇಟ್ಟು ನಿಲ್ಲದೆ ಹೋದ.

ಭಾನುವಾರ ಕಾರ್ಖಾನೆಯ ಕಾವಲುಗಾರನಿಂದ ಒಂದು ಸರಳು ಇಸಿದುಕೊಂಡು ನಾನೊಬ್ಬಳೇ ಆ ಅಂಚಿನ ಗುಂಟ ನಡೆದೆ. ಅವಳ ಹಾಳೆ ಒಂದು ಕೈಯಲ್ಲಿ, ಸರಳು ಇನ್ನೊಂದು ಕೈಯಲ್ಲಿ. ಮೂರು ಗಂಟೆ, ನಲವತ್ತೊಂದು ತೂತು. ಎರಡು ಕಡೆ ಮಾತ್ರ ಅವಳ ಗೆರೆಗೂ ನನ್ನ ಸರಳಿಗೂ ಅಂಗೈ ಅಗಲದಷ್ಟು ವ್ಯತ್ಯಾಸ ಬಂತು. ಅಲ್ಲಿ ಮತ್ತೆ ಚುಚ್ಚಿ ನೋಡಿದರೆ ಅವಳದ್ದೇ ಸರಿ. ಯಜಮಾನರು ಮರದ ನೆರಳಿನಲ್ಲಿ ಕೂತು ನೀರಿನ ಬಾಟಲಿ ಹಿಡಿದುಕೊಂಡಿದ್ದರು. ಆ ದಿನ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಹಾಳೆ ಹಾಸಿ ಸಹಿ ಹಾಕಿದೆ.

ಸೋಮವಾರ ಸಮಿತಿಗೆ ಕಾಗದ ಕೊಟ್ಟೆ. ಆರು ವರ್ಷ ಜಾಗಕ್ಕೆ ಹೋಗದೆ, ಹೋದವಳ ಹಾಗೆ ಅಂಕ ಹಾಕಿದವಳು ನಾನು. ಮೂರು ವರ್ಷದ ಹಿಂದೆ ರದ್ದಾದ ಆ ವಿದ್ಯಾರ್ಥಿನಿಯ ವರ್ಷವನ್ನು ಮರಳಿ ಕೊಡಬೇಕು. ಅರ್ಧ ಮಾಡಿದ ಅಂಕಗಳನ್ನೆಲ್ಲ ಸರಿಮಾಡಬೇಕು. ನನ್ನ ಮೇಲೆ ಏನು ಕ್ರಮವೋ ತೆಗೆದುಕೊಳ್ಳಬಹುದು. ಮುಖ್ಯಸ್ಥರು ಓದಿ, ಕನ್ನಡಕ ಒರೆಸಿ, ಇಷ್ಟೆಲ್ಲ ಬರೆಯಬೇಕೇ ಎಂದರು. ಬರೆಯಬೇಕು ಎಂದೆ.

ಸಂಜೆ ಕಾಲೇಜಿನ ಮುದ್ರೆ ಒತ್ತಿಸಿದ ಅದರ ಪ್ರತಿಯನ್ನೂ ಸಹಿ ಹಾಕಿದ ಹಾಳೆಯನ್ನೂ ಹಿಡಿದುಕೊಂಡು ಮೂರು ಸಲದವಳು ಕೆಲಸ ಮಾಡುವ ಕಟ್ಟಡಕ್ಕೆ ಹೋದೆ. ಎರಡನೇ ಮಹಡಿಯಲ್ಲಿ ಗೋಡೆಯ ಮಟ್ಟ ನೋಡುತ್ತಿದ್ದಳು. ಅವಳ ಅಪ್ಪ ನನ್ನನ್ನು ನೋಡಿ, ಯಾರೆಂದು ಗುರುತು ಹಿಡಿದು, ಬೆನ್ನು ತಿರುಗಿಸಿ ಇಟ್ಟಿಗೆ ಇಡುತ್ತಲೇ ಇದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಾನು ತಂದದ್ದು ಎರಡು ಹಾಳೆ ಕಾಗದ.

ಅವಳು ಕೈ ಒರೆಸಿಕೊಂಡು ಹಾಳೆ ಬಿಡಿಸಿದಳು. ಮೂಲೆಯ ಚೌಕದಲ್ಲಿ ನನ್ನ ಸಹಿಯ ಮೇಲೆ ಬೆರಳಿಟ್ಟಳು.

"ನೋಡಿ ಹಾಕಿದ್ರಾ, ಸುಮ್ನೆ ಹಾಕಿದ್ರಾ?"

ಎರಡೂ ಅಂಗೈ ಚಾಚಿದೆ. ಬೆರಳಿನ ಬುಡದಲ್ಲೆಲ್ಲ ಬೊಬ್ಬೆ ಎದ್ದು ಒಡೆದಿದ್ದವು. ಅವಳು ಒಂದೊಂದನ್ನೂ ಬಾಗಿ ನೋಡಿದಳು. ಸರಳು ಇನ್ನೂ ಮೇಲೆ ಹಿಡಿಯಬೇಕಿತ್ತು ಎಂದಳು.

ಆಮೇಲೆ ಸಮಿತಿಯ ಕಾಗದದ ಪ್ರತಿ ತೆಗೆದುಕೊಂಡಳು. ಮತ್ತೆ ಕಾಲೇಜಿಗೆ ಬರ್ತೀಯಾ, ನಾನೇ ಎಲ್ಲರಿಗೂ ಹೇಳಿ ಸೀಟು ಕೊಡಿಸ್ತೀನಿ ಎಂದೆ.

"ಬಾಯಿ ಮಾತು ಬೇಡ ಮೇಡಂ," ಎಂದಳು. "ಸಮಿತಿಯವರ ಉತ್ತರ ಬರ್ಲಿ. ಕಾಗದದಲ್ಲಿ ಬರ್ಲಿ. ಆಮೇಲೆ ನೋಡೋಣ."

ನನ್ನ ಒಂದು ಮಾತು ನಂಬಿ ನೆಲ ಚುಚ್ಚಿ ನೋಡಿದವಳು ಇವಳು. ಸರಿ, ಕಾಗದದಲ್ಲೇ ತರುತ್ತೇನೆ ಎಂದೆ. ಅವಳು ಆ ಪ್ರತಿಯನ್ನು ನಿಧಾನವಾಗಿ ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಕಿಟಕಿ ಇಡಬೇಕಾಗಿದ್ದ ಜಾಗಕ್ಕೆ ಹೋಗಿ, ಕಾಗದವನ್ನು ಬೆಳಕಿಗೆ ಎತ್ತಿ ಹಿಡಿದು, ಕಾಲೇಜಿನ ಮುದ್ರೆ ನಿಜದ್ದೋ ಅಲ್ಲವೋ ಎಂದು ಒಂದು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ನಾನು ನೋಡುವುದೂ ಹಾಗೆಯೇ.